ಆಟಿಯ ಚಂಡಿ ಬಟ್ಟೆ, ಬೂಷ್ಟು ಹಿಡಿದ ಕಪಾಟು: ಸೋಣದ ಬಿಸಿಲು ಬರುವ ತನಕ

ಚಳಿಗಾಲ ಮುಗಿದು ಬಿಸಿಲು ಯಾವಾಗ ಬಂದೀತು ಎಂದು ಕಾಯುವುದು ಬೇರೆ ಊರಿನವರ ಕಷ್ಟ. ಮಂಗಳೂರು, ಉಡುಪಿಯವರು ಜನವರಿಯಲ್ಲಿ ಒಂದು ತೆಳು ಹೊದಿಕೆ ಎಳೆದುಕೊಂಡು ‘ಈ ಸಲ ಚಳಿ ಜೋರುಂಟು ಮಾರಾಯ್ರೆ’ ಅನ್ನುವವರು. ನಾವು ಬಿಸಿಲಿಗೆ ಕಾಯುವುದೇನಿದ್ದರೂ ತುಳುವರ ಆಟಿ ತಿಂಗಳಲ್ಲಿ. ಜುಲೈ 17ರ ಆಸುಪಾಸಿನಲ್ಲಿ ಆಟಿ ಹಿಡಿಯುತ್ತದೆ. ಪುಷ್ಯ, ಆಶ್ಲೇಷಾ ಮಳೆ ಹೊಯ್ದು ಮುಗಿದು ಆಗಸ್ಟ್ 17ರ ಸುಮಾರಿಗೆ ಮುಂದಿನ ತಿಂಗಳು ಸೋಣ ಬರುವ ತನಕ ಬಿಡುವುದಿಲ್ಲ. ವರ್ಷದ ಸುಮಾರು 4,000 ಮಿಲಿಮೀಟರ್ ಮಳೆಯಲ್ಲಿ ಜುಲೈ ಒಂದರ ಪಾಲೇ ಸಾಮಾನ್ಯವಾಗಿ ಸಾವಿರ ದಾಟುತ್ತದೆ. ಯಾಂತ್ರಿಕ ದೋಣಿಗಳು ಜುಲೈ 31ರ ತನಕ ದಡದಲ್ಲಿ, ಹೊಸ ಮದುಮಗಳು ತವರಿನಲ್ಲಿ, ತೊಳೆದ ಬೆಡ್‌ಶೀಟು ಮೂರನೇ ದಿನವೂ ಹಗ್ಗದಲ್ಲಿ.

ಈ ತಿಂಗಳಲ್ಲಿ ಆಗುವ ದೊಡ್ಡ ತಪ್ಪು ಬಿಸಿಲಿಗಾಗಿ ಕಾಯುವುದೇ. ಬಟ್ಟೆ ಒಣಗಲು ಬಿಸಿಲೇ ಆಗಬೇಕೆಂದಿಲ್ಲ. ನೀರು ಹೀರುವಷ್ಟು ಜಾಗ ಗಾಳಿಯಲ್ಲಿ ಬೇಕು, ಹೀರಿದ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಒಂದು ಲೆಕ್ಕ ನೋಡಿ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಇರುತ್ತದೆ. 26 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, 85 ಶೇಕಡಾ ತೇವಾಂಶ ಇರುವಾಗ (ಆಟಿಯಲ್ಲಿ ಇದು ಒಳ್ಳೆಯ ದಿನ) ಒಂದು ಘನ ಮೀಟರ್ ಗಾಳಿ ಇನ್ನು ಹೀರಬಲ್ಲದ್ದು ಬರೀ 3.7 ಗ್ರಾಂ ನೀರು. ಇಡೀ ಕೋಣೆಗೆ ಸೇರಿ 125 ಗ್ರಾಂ, ಅಂದರೆ ಒಂದು ಸಣ್ಣ ಲೋಟ. ಐದು ಕಿಲೋ ಬಟ್ಟೆ ಮೆಷಿನ್ನಿನಲ್ಲಿ ಹಿಂಡಿ ಹೊರಬಂದಾಗಲೂ ಅದರಲ್ಲಿ ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಫ್ಯಾನು ಹಾಕಿ ರಾತ್ರಿಯಿಡೀ ತಿರುಗಿಸಿದರೂ ಬೆಳಿಗ್ಗೆ ಪ್ಯಾಂಟಿನ ಸೊಂಟ ತಣ್ಣಗೆ ಇರುವುದು ಇದಕ್ಕೇ. ಅಷ್ಟು ನೀರು ಹೋಗಬೇಕಾದರೆ ಕೋಣೆಯ ಗಾಳಿ ಕಡಿಮೆಯೆಂದರೂ ಇಪ್ಪತ್ತು ಸಲ ಬದಲಾಗಬೇಕು.

ಅದೇ ಗಾಳಿಯನ್ನು 32 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ 61 ಶೇಕಡಕ್ಕೆ ಇಳಿಯುತ್ತದೆ, ಹೀರುವ ಶಕ್ತಿ ಮೂರೂವರೆ ಪಟ್ಟಾಗುತ್ತದೆ. ಹಳೆ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ, ಬಚ್ಚಲ ಹಂಡೆಯ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳ, ಎಲ್ಲದರ ಗುಟ್ಟು ಇಷ್ಟೇ. ಒಲೆಯ ಬಿಸಿ ಮೇಲೇರುವಾಗ ತೇವವನ್ನು ಎತ್ತಿಕೊಂಡು ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಿಂದ ಬಂದ ಮಾಡು ಮಳೆ ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಅದರ ಜಾಗಕ್ಕೆ ಸ್ಲಾಬು ಬಂತು, ಒಲೆಯ ಜಾಗಕ್ಕೆ ಗ್ಯಾಸು ಬಂತು. ಗ್ಯಾಸಿನ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದುಂಟು: ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 22 ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಮನೆಯೊಳಗೆ ಬಂದಿರುತ್ತದೆ. ಕುಚ್ಚಲಕ್ಕಿ ಮುಕ್ಕಾಲು ಗಂಟೆ ಕುದಿಯುವ ಆವಿ ಇದರ ಮೇಲೆ. ಆದ್ದರಿಂದ ಅಡುಗೆಯ ಹೊತ್ತಿಗೆ ಒಳಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನು ಹಾಕಿ, ಒಲೆ ಆರಿದ ಮೇಲೂ ಕಾಲು ಗಂಟೆ ಬಿಡಿ. ಅಡುಗೆಮನೆಯಲ್ಲಿ ಬೆಚ್ಚಗುಂಟೆಂದು ಗ್ಯಾಸ್ ಒಲೆಯ ಹತ್ತಿರ ಬಟ್ಟೆ ನೇತು ಹಾಕುವುದು ಬೆಂಕಿಗೂ ದಾರಿ, ತೇವಕ್ಕೂ ದಾರಿ.

ಹಾಗಾದರೆ ಒಣಗಿಸುವುದು ಹೇಗೆ? ಮೊದಲು ಮೆಷಿನ್ನಿನಲ್ಲೇ ಎರಡನೇ ಸಲ ಬರೀ ಸ್ಪಿನ್ ಕೊಡಿ. ಒಂದು ಟವೆಲನ್ನು ಒಣಗಿದಾಗ ತೂಗಿಡಿ, ಸ್ಪಿನ್ ಆದ ಮೇಲೆ ಮತ್ತೆ ತೂಗಿ ನೋಡಿ. ವ್ಯತ್ಯಾಸ ಒಣ ತೂಕದ ಅರ್ಧಕ್ಕಿಂತ ಬಹಳ ಹೆಚ್ಚಿದ್ದರೆ ಮೆಷಿನ್ನಿಗೆ ಬಟ್ಟೆ ಹೆಚ್ಚಾಗಿದೆ ಅಥವಾ ಒಂದೇ ಬದಿಗೆ ಸರಿದಿದೆ. ಮನೆಯ ಎಲ್ಲ ಬಟ್ಟೆ ಭಾನುವಾರ ಒಟ್ಟಿಗೆ ತೊಳೆಯುವ ಪದ್ಧತಿ ಆಟಿಯಲ್ಲಿ ಬಿಡಬೇಕು; ದಿನಕ್ಕೆ ಎರಡು ಕಿಲೋ ಸಾಕು. ಹಗ್ಗದಲ್ಲಿ ಬಟ್ಟೆಗೆ ಬಟ್ಟೆಗೆ ನಡುವೆ ನಾಲ್ಕು ಬೆರಳು ಜಾಗ ಇರಲಿ. ಪ್ಯಾಂಟನ್ನು ಒಳಗು ಮೇಲು ಮಾಡಿ ಸೊಂಟ ಬಿಚ್ಚಿ ನೇತು ಹಾಕಿ, ಶರ್ಟನ್ನು ಹ್ಯಾಂಗರಿಗೆ ಹಾಕಿ. ಸೀಲಿಂಗ್ ಫ್ಯಾನಿಗಿಂತ ನಿಲ್ಲಿಸುವ ಫ್ಯಾನು ಮೇಲು: ಬಟ್ಟೆಯ ಬದಿಯಿಂದ ಸಾಲಿನ ಉದ್ದಕ್ಕೆ ಗಾಳಿ ಹೊಡೆಯುವ ಹಾಗೆ ಇಟ್ಟು, ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಿಡಿ. ಹೊರಗೆ ಮಳೆ ಹೊಯ್ಯುತ್ತಿದ್ದರೂ ತೆರೆದಿಡಿ. ಒದ್ದೆ ಬಟ್ಟೆಯಿರುವ ಕೋಣೆಯ ಗಾಳಿ ಹೊರಗಿನ ಗಾಳಿಗಿಂತ ಹೆಚ್ಚು ಚಂಡಿಯಾಗಿ (ಒದ್ದೆಯಾಗಿ) ಇರುತ್ತದೆ.

ಆ ಮುಗ್ಗಲು ವಾಸನೆಯ ವಿಷಯ. ಅದು ಸೋಪು ಕಡಿಮೆಯಾಗಿ ಬರುವುದಲ್ಲ. ಬಟ್ಟೆ ಗಂಟೆಗಟ್ಟಲೆ ಅರೆಒದ್ದೆಯಾಗಿ ಉಳಿದಾಗ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಾಸನೆ ಅದರದ್ದು. ಸೋಪಿನ ಪುಡಿ ಹೆಚ್ಚು ಸುರಿದರೆ ನೂಲಿನಲ್ಲಿ ಉಳಿದ ಜಿಡ್ಡು ಇನ್ನಷ್ಟು ತೇವ ಹಿಡಿಯುತ್ತದೆ, ಕಂಫರ್ಟಿನಂಥ ಸುವಾಸನೆಯ ದ್ರವ ಹಾಕಿದರೆ ಎರಡು ವಾಸನೆ ಸೇರಿ ಮೂರನೆಯದು ಹುಟ್ಟುತ್ತದೆ. ವಾಸನೆ ಹಿಡಿದ ಹತ್ತಿ ಬಟ್ಟೆಯನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ತೊಳೆದರೆ ಹೋಗುತ್ತದೆ. ಮುಕ್ಕಾಲು ಒಣಗಿದ ಬಟ್ಟೆಗೆ ಇಸ್ತ್ರಿ ಹಾಕಿ, ಕೂಡಲೇ ಮಡಚದೆ ಹತ್ತು ನಿಮಿಷ ಹಗ್ಗಕ್ಕೆ ಹಾಕಿ. ಬಿಸಿ ಇರುವಾಗಲೇ ಮಡಚಿ ಕಪಾಟಿಗಿಟ್ಟರೆ ಅದರ ಆವಿ ಪಕ್ಕದ ಸೀರೆಗೆ ಹೋಗುತ್ತದೆ.

ಎಸಿ ಇದ್ದವರು ಡ್ರೈ ಮೋಡಿನಲ್ಲಿ ಹಾಕಿದರೆ ಒಣಗುತ್ತದೆ, ಆದರೆ ಕಿಟಕಿ ಪೂರ್ತಿ ಮುಚ್ಚಿರಬೇಕು. ಎಸಿ ನಿಲ್ಲಿಸಿದ ಕೂಡಲೇ ಕಿಟಕಿ ತೆರೆದರೆ ಹೊರಗಿನ ಚಂಡಿ ಗಾಳಿ ತಣ್ಣಗಾದ ಗೋಡೆಗೆ ತಾಗಿ ನೀರಾಗುತ್ತದೆ. ಬೂಷ್ಟಿಗೆ ಅಷ್ಟು ಸಾಕು. ಎರಡು ಮಕ್ಕಳಿರುವ ಫ್ಲಾಟಿಗೆ ನನ್ನ ಮತ ಡಿಹ್ಯುಮಿಡಿಫೈಯರಿಗೆ, ಅಂದರೆ ಗಾಳಿಯ ತೇವವನ್ನು ಹೀರಿ ಟ್ಯಾಂಕಿಗೆ ಇಳಿಸುವ ಮೆಷಿನ್ನಿಗೆ. 12 ಲೀಟರಿನದ್ದೆಂದರೆ 30 ಡಿಗ್ರಿ, 80 ಶೇಕಡಾ ತೇವಾಂಶದಲ್ಲಿ ದಿನಕ್ಕೆ 12 ಲೀಟರ್ ಎಂದು ಲೆಕ್ಕ. ಕೋಣೆ ಒಣಗುತ್ತಾ ಹೋದ ಹಾಗೆ ಅಷ್ಟು ಬರುವುದಿಲ್ಲ. 250 ವ್ಯಾಟಿನದ್ದು ಎಂಟು ಗಂಟೆ ಓಡಿದರೆ ಎರಡು ಯುನಿಟ್ ಕರೆಂಟು. ತಪ್ಪುವುದು ಎಲ್ಲಿ ಎಂದರೆ, ರಾತ್ರಿ ಅದರ ಟ್ಯಾಂಕು ತುಂಬಿ ಮೆಷಿನ್ನು ತಾನೇ ನಿಂತುಬಿಡುತ್ತದೆ. ಹಿಂದಿನ ತೂತಿಗೆ ಪೈಪು ಸಿಕ್ಕಿಸಿ ಬಚ್ಚಲಿಗೆ ಬಿಡಿ.

ಇದಕ್ಕೆಲ್ಲ ಮೊದಲು ಗಾಳಿಯ ತೇವಾಂಶ ಅಳೆಯುವ, ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ಒಂದು ತನ್ನಿ. ಅಗ್ಗದ್ದು ಐದೋ ಏಳೋ ಅಂಕ ತಪ್ಪು ತೋರಿಸುವುದುಂಟು; ಅದನ್ನು ಮನೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳಕ್ಕೆ ಒಂದು ಚಮಚ ಪುಡಿ ಉಪ್ಪು ಹಾಕಿ, ಕರಗದೆ ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರಿನ ಹನಿ ಬಿಡಿ. ಅದನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 80 ತೋರಿಸಿದರೆ ಮುಂದೆ ಯಾವಾಗಲೂ 5 ಕಳೆದು ಓದಿ. ಕೋಣೆಯಲ್ಲಿ 60ರ ಒಳಗಿದ್ದರೆ ಬೂಷ್ಟಿನ ಭಯವಿಲ್ಲ, 70 ದಾಟಿ ದಿನಗಟ್ಟಲೆ ನಿಂತರೆ ಚರ್ಮದ ಚಪ್ಪಲಿಯಿಂದ ಶುರುವಾಗುತ್ತದೆ.

ಬೂಷ್ಟು ಮೊದಲು ಹಿಡಿಯುವುದು ಪಡುಬದಿಯ ಗೋಡೆಗೆ. ನೈಋತ್ಯದ ಗಾಳಿ ಮಳೆಯನ್ನು ಆ ಮುಖಕ್ಕೇ ಎರಚುತ್ತದೆ, ಒಳಗಿರುವುದು ನೀರು ಕುಡಿಯುವ ಕೆಂಪುಕಲ್ಲು. ಹಿಂದೆ ಮಳೆಗಾಲಕ್ಕೆ ಮೊದಲು ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ಶೀಟು ಇಳಿಬಿಟ್ಟರೂ ಆದೀತು. ಗೋಡೆಗೂ ಶೀಟಿಗೂ ನಡುವೆ ಗಾಳಿಯಾಡಲು ಅರ್ಧ ಅಡಿ ಬಿಡುವುದು ಮುಖ್ಯ. ಕಪಾಟನ್ನು ಈ ಗೋಡೆಗೆ ಆನಿಸಲೇಬಾರದು. ಬೇರೆ ಗೋಡೆಯಾದರೂ ಮೂರು ಇಂಚು ಮುಂದೆ ಎಳೆದಿಡಿ. ಒಳಗೆ ಬಟ್ಟೆ ಗಿಡಿದು ತುಂಬಿಸಿದರೆ ಗಾಳಿ ಸುಳಿಯುವುದಿಲ್ಲ. ಹಿಂದೆ ಕಪಾಟಿನೊಳಗೆ ಝೀರೋ ಬಲ್ಬು ಉರಿಸಿಡುತ್ತಿದ್ದರಲ್ಲ, ಅದು ಕೆಲಸ ಮಾಡುತ್ತಿದ್ದದ್ದು ತಂತಿ ಕಾಯುವ ಬಲ್ಬಾದ್ದರಿಂದ. ಎಲ್‌ಇಡಿ ಹಾಕಿದರೆ ಕಪಾಟಿಗೆ ಬೆಳಕು ಸಿಗುತ್ತದೆ ಅಷ್ಟೆ.

ಗೋಡೆಯ ಬೂಷ್ಟನ್ನು ಒಣ ಬಟ್ಟೆಯಿಂದಲೋ ಪೊರಕೆಯಿಂದಲೋ ಕೊಡವಬೇಡಿ. ಅದರ ಪುಡಿ ಹಾರಿ ಮನೆಯಿಡೀ ಕೂರುತ್ತದೆ, ದಮ್ಮು ಇರುವವರಿಗೆ ಕೆಮ್ಮು ಏಳುತ್ತದೆ. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿ, ಕಿಟಕಿ ತೆರೆದು, ಒದ್ದೆ ಬಟ್ಟೆಯಿಂದ ಒರೆಸಿ. ಟೈಲ್ಸು, ಗಾಜಿನಂಥ ನುಣುಪು ಜಾಗಕ್ಕೆ ಒಂದು ಲೀಟರ್ ನೀರಿಗೆ 60 ಮಿಲಿಲೀಟರ್ ಬ್ಲೀಚಿಂಗ್ ದ್ರವ ಸಾಕು. ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್, ವಿನೆಗರ್ ಏನನ್ನೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಮರಕ್ಕೆ ಬ್ಲೀಚ್ ಉಪಯೋಗವಿಲ್ಲ: ಬಣ್ಣ ಹೋಗುತ್ತದೆ, ನೀರು ಒಳಗಿಳಿದು ಬೇರಿಗೆ ಇನ್ನಷ್ಟು ತೇವ ಸಿಗುತ್ತದೆ. ಚಂಡಿ ಗೋಡೆಗೆ ಆಟಿಯಲ್ಲೇ ಪೈಂಟ್ ಹೊಡೆಸುವವರಿದ್ದಾರೆ, ದೀಪಾವಳಿಗೆ ಅದು ಹಪ್ಪಳದ ಹಾಗೆ ಎದ್ದಿರುತ್ತದೆ.

ರೇಷ್ಮೆ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆ ಬಿಳಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಜರಿಗೆ ತಾಗದಿರಲಿ. ಚರ್ಮದ ಬೆಲ್ಟು, ಚಪ್ಪಲಿಗೆ ಬೂಷ್ಟು ಬಂದಿದ್ದರೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪಾಲಿಶ್ ಹಚ್ಚಿ. ಕ್ಯಾಮೆರಾದ ಲೆನ್ಸ್ ಅದರ ಚೀಲದಲ್ಲಿಟ್ಟರೆ ಆಟಿ ಮುಗಿಯುವುದರೊಳಗೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಕಾಣಿಸುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ಪಕ್ಕದಲ್ಲಿ ಆ ಹೈಗ್ರೋಮೀಟರ್. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತುಂಬಿತೆಂದು ಅರ್ಥ, ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಜೆಲ್ ಬೇಡ, ಅದರ ಬಣ್ಣ ವಿಷಕಾರಿ ಕೋಬಾಲ್ಟಿನದ್ದು. ಕಪಾಟಿಗೆ ನೇತು ಹಾಕುವ ಕ್ಯಾಲ್ಶಿಯಂ ಕ್ಲೋರೈಡಿನ ಚೀಲ ಬೇರೆ ಜಾತಿಯದ್ದು: ಅದು ಹೀರಿದ ನೀರಲ್ಲಿ ತಾನೇ ಕರಗಿ ಕೆಳಗಿಳಿಯುತ್ತದೆ. ಆ ನೀರು ಚರ್ಮಕ್ಕೋ ರೇಷ್ಮೆಗೋ ಸೋರಿದರೆ ಬೂಷ್ಟೇ ವಾಸಿ ಅನ್ನಿಸುತ್ತದೆ.

ಅಡುಗೆಮನೆಯಲ್ಲಿ, ಬೇಸಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳದ ಡಬ್ಬಿಯನ್ನು ದಿನಾ ತೆರೆಯಬೇಡಿ. ವಾರಕ್ಕೆ ಬೇಕಾದಷ್ಟು ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಬಿಗಿಯಾಗಿ ಮುಚ್ಚಿಡಿ. ಮೆತ್ತಗಾದ ಹಪ್ಪಳ ಎಣ್ಣೆಯಲ್ಲಿ ಅರಳುವುದಿಲ್ಲ; ಬಿಸಿ ಕಾವಲಿಯ ಮೇಲೆ ಬದಿಗೆ ಅರ್ಧ ನಿಮಿಷ ಇಟ್ಟು ಆಮೇಲೆ ಕರಿಯಿರಿ. ಬ್ಯಾಡಗಿ ಮೆಣಸು ಬಗ್ಗಿಸಿದರೆ ಮುರಿಯಬೇಕು. ಮುರಿಯದಿದ್ದರೆ ಒಂದೆರಡನ್ನು ಸೀಳಿ ಒಳಗೆ ನೋಡಿ, ಬೂದಿ ಬಣ್ಣದ ಪುಡಿ ಇದ್ದರೆ ಎಸೆಯಿರಿ. ನೆಲಗಡಲೆ, ಕೊಬ್ಬರಿಗೆ ಬೂಷ್ಟು ಬಂದರೆ ತೊಳೆದು ಹುರಿದು ಬಳಸುವ ಉಳಿತಾಯ ಬೇಡವೇ ಬೇಡ. ಅದರಲ್ಲಿ ಬೆಳೆಯುವ ವಿಷ ಹುರಿದರೆ ಹೋಗುವಂಥದ್ದಲ್ಲ, ಲಿವರಿಗೆ ಕೆಟ್ಟದ್ದು.

ಅಂಗಳದ ಪಾಚಿಗೆ ಉಕ್ಕಿನ ಬ್ರಷ್ಷು, ಬ್ಲೀಚಿಂಗ್ ಪುಡಿ. ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸಿದರೆ ಅದಕ್ಕಿಂತ ಒಳ್ಳೆಯದು. ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುತ್ತದೆ ಎಂದು ಅದನ್ನು ತಪ್ಪಿಸಿ ವೈರು ಕೊಡಿಸುವುದು ಜೀವದ ಜತೆ ಆಟ. ಹೊರಗಿನ ಲೈಟು, ಪಂಪು, ಗೀಸರು ಒಂದೊಂದೇ ಬಿಡಿಸಿ ನೋಡಿದರೆ ನೀರು ಹೊಕ್ಕದ್ದು ಎಲ್ಲಿ ಎಂದು ಗೊತ್ತಾಗುತ್ತದೆ.

ಬಿಸಿಲಿಗೆ ನಿಜವಾಗಿ ಕಾಯಲೇಬೇಕಾದವರು ಅಡಿಕೆ ತೋಟದವರು. ಕೊಳೆರೋಗ ಬಾರದಿರಲೆಂದು ಮಳೆಗಾಲಕ್ಕೆ ಮುಂಚೆ ಬಿಟ್ಟ ಮದ್ದಿನ (ಬೋರ್ಡೊ ದ್ರಾವಣದ) ಎರಡನೇ ಸುತ್ತು 40-45 ದಿನಕ್ಕೆ, ಸರಿಯಾಗಿ ಆಟಿ ಹಿಡಿಯುವ ಹೊತ್ತಿಗೆ ಬರುತ್ತದೆ. ಗೊನೆ ಒಣಗಿರದಿದ್ದರೆ ಮದ್ದು ಹಿಡಿಯುವುದಿಲ್ಲ, ಬಿಟ್ಟ ಮೇಲೂ ಕೆಲವು ಗಂಟೆ ಮಳೆ ಬರಬಾರದು. ಅಷ್ಟು ಹೊಳವು ಸಿಕ್ಕಾಗ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಲು ಕೂತರೆ ಬಿಸಿಲು ಹೋಗಿರುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಒಂದು ಕಿಲೋ ಮೈಲುತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೇತು ಬಿಡಿ. ಇನ್ನೊಂದು 50 ಲೀಟರಿನಲ್ಲಿ ಒಂದು ಕಿಲೋ ಸುಣ್ಣ. ಬೇರೆ ಬೇರೆ ಇದ್ದಷ್ಟು ಕಾಲ ಎರಡೂ ಹಾಳಾಗುವುದಿಲ್ಲ. ಬಿಸಿಲು ಖಾತ್ರಿಯಾದ ಮೇಲೆ ಸೋಸಿದ ಸುಣ್ಣದ ನೀರಿಗೆ ತುತ್ತದ ನೀರನ್ನು ತೆಳ್ಳಗೆ ಸುರಿಯುತ್ತಾ ಕಲಕಿ. ಉಜ್ಜಿ ಹೊಳಪು ಬಂದ ಕಬ್ಬಿಣದ ಕತ್ತಿಯನ್ನು (ಸ್ಟೀಲಿನದ್ದಲ್ಲ) ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಬೆರೆಸಿದ ಮದ್ದು ಅದೇ ದಿನ ಮುಗಿಯಬೇಕು. ನಾಳೆಗೆ ಅದು ಬರೀ ಕೆಸರು.

ಆಟಿ ಅಮಾವಾಸ್ಯೆಗೆ ಕುಡಿಯುವ, ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯದ ಬಗ್ಗೆಯೂ ಒಂದು ಮಾತು. ನಸುಕಿನಲ್ಲಿ ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವುದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ರಸ ಹಿಂಡಿ ಕಾದ ಬಿಳಿಕಲ್ಲು ಅದ್ದಿ ಕುಡಿಯುವುದು, ಮೇಲಿಂದ ಮೆಂತೆ ಗಂಜಿ: ಪದ್ಧತಿ ಎಲ್ಲರಿಗೂ ಗೊತ್ತು. ಅಪಾಯ ಇರುವುದು ನಸುಕಿನ ಕತ್ತಲೆಯಲ್ಲಿ. ಕಾಸರಕ ಎಂಬ ಇನ್ನೊಂದು ಮರದ ತೊಗಟೆಯಲ್ಲಿ ಸ್ಟ್ರಿಕ್‌ನೀನಿನಂಥ ಪ್ರಾಣ ತೆಗೆಯುವ ವಿಷವಿದೆ, ಕತ್ತಲಲ್ಲಿ ಕೈಗೆ ಎರಡೂ ಕಾಂಡ ಒಂದೇ. ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬನ್ನಿ. ಪಾಲೆಯ ಎಲೆ ಒಂದೇ ಗಂಟಿನ ಸುತ್ತ ಏಳರಷ್ಟು ಚಕ್ರದಂತೆ ಇರುತ್ತದೆ (ಸಪ್ತಪರ್ಣಿ ಎಂಬ ಹೆಸರೇ ಅದರಿಂದ), ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದ ಎಲೆ ಎರಡೆರಡು ಎದುರುಬದುರು, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತದೆ, ಹಾಲಿಲ್ಲ. ಮರ ಗುರುತಿಸಲು ಬಾರದಿದ್ದರೆ ಮೆಂತೆ ಗಂಜಿ ಮಾತ್ರ ಉಣ್ಣಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಕಷಾಯ ಬೇಡ.

ದಿನವಿಡೀ ಲೈಟು ಹಾಕಿ ಕೂತರೂ ಮಂಕು ಕವಿದ ಹಾಗಾಗುವುದಕ್ಕೆ ಕಾರಣ ಬೆಳಕಿನ ಅಳತೆ. ಮೋಡ ಮುಚ್ಚಿದ ಹಗಲಿನ ಆಕಾಶವೂ ಮನೆಯ ಟ್ಯೂಬ್‌ಲೈಟಿಗಿಂತ ಹತ್ತಾರು ಪಟ್ಟು ಬೆಳಕು ಕೊಡುತ್ತದೆ. ಬೆಳಿಗ್ಗೆಯ ಚಾ ಕುಡಿಯುವ ಅರ್ಧ ಗಂಟೆಯನ್ನು ಜಗಲಿಗೋ ಬಾಲ್ಕನಿಗೋ ಸಾಗಿಸಿದರೆ ರಾತ್ರಿಯ ನಿದ್ದೆಯೂ ಸರಿಯಾಗುತ್ತದೆ.

ನಡುವೆ ಒಂದೊಂದು ದಿನ ಬಿಸಿಲು ಬೀಳುವುದುಂಟು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆದೀತು ಎನ್ನುತ್ತಾರೆ, ಅಷ್ಟು ಚುರುಕು. ಸೋಣ ಬಂದ ಮೇಲೆ ಇಂಥ ದಿನಗಳು ಹೆಚ್ಚುತ್ತವೆ, ಹೊಸ್ತಿಲ ಪೂಜೆಯ ಹೂವು ಬಾಡುವ ಹೊತ್ತಿಗೆ ಅಂಗಳಕ್ಕೆ ಬಿಸಿಲು ಇಳಿದಿರುತ್ತದೆ. ಆಗ ಎಲ್ಲವನ್ನೂ ಒಟ್ಟಿಗೆ ಹೊರಗೆ ಎಳೆಯಬೇಡಿ, ಮಳೆ ಬಂದರೆ ಒಳಗೆ ಹಾಕಲು ಕೈ ಸಾಲುವುದಿಲ್ಲ. ಮೊದಲ ದಿನ ಹಾಸಿಗೆ, ದಿಂಬು: ಹತ್ತೂವರೆಯ ಮೇಲೆ ಹಾಕಿ, ಒಂದು ಗಂಟೆಗೆ ಮಗುಚಿ, ಮೂರಕ್ಕೆ ಒಳಗೆ ತನ್ನಿ. ನಾಲ್ಕೂವರೆ ತನಕ ಬಿಟ್ಟರೆ ಸಂಜೆಯ ಗಾಳಿಯಿಂದ ಹತ್ತಿ ತೇವವನ್ನು ವಾಪಸು ಎಳೆದುಕೊಳ್ಳುತ್ತದೆ. ಪುಸ್ತಕ, ರೇಷ್ಮೆ, ಚರ್ಮ ಇವಕ್ಕೆ ನೆರಳಿನ ಗಾಳಿಯೇ ಬೇಕು. ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಡಿಸಿ ಜಗಲಿಯಲ್ಲಿ ನಿಲ್ಲಿಸಿ. ಆಮೇಲಿನ ದಿನ ಅಕ್ಕಿ, ಮೆಣಸು, ಹುಣಿಸೆಹುಳಿ. ಚಾಪೆಯ ಕೆಳಗೆ ಟಾರ್ಪಾಲು ಹಾಸಿದ್ದರೆ ನಾಲ್ಕು ಮೂಲೆ ಹಿಡಿದು ಒಂದೇ ಸಲ ಎತ್ತಬಹುದು. ಒಳಗೆ ತಂದ ಅಕ್ಕಿಯನ್ನು ಬಿಸಿಬಿಸಿಯಾಗಿ ಡಬ್ಬಿಗೆ ಸುರಿದು ಮುಚ್ಚಿದರೆ ಆವಿ ಮುಚ್ಚಳದಲ್ಲಿ ಹನಿಗಟ್ಟಿ ಮತ್ತೆ ಅಕ್ಕಿಗೇ ಬೀಳುತ್ತದೆ. ಚಾವಡಿಯ ನೆಲದಲ್ಲಿ ಹರಡಿ, ಫ್ಯಾನು ಹಾಕಿ, ಕೈಯಿಟ್ಟು ನೋಡಿ. ತಣ್ಣಗಾಗಲು ಒಂದು ಗಂಟೆ ಬೇಕಾದೀತು, ಡಬ್ಬಿ ಮುಚ್ಚುವುದು ಆಮೇಲೆ.